ಸಾಲಿಗೊಂದು ಕೊಸರು

ನಮ್ಮ ಹಿತ್ತಲಿನ ಸೀಬೆ ಗಿಡದಲ್ಲಿ ಒಂದು ಸಿಡಿ ನೇತಾಡುತ್ತಿದೆ. ಅಳಿಲು ಹೆದರಿ ಓಡಲಿ ಎಂದು ಅಮ್ಮ ದಾರ ಕಟ್ಟಿ ತೂಗುಹಾಕಿದ್ದು. ಯಾವ ಅಳಿಲೂ ಹೆದರಲಿಲ್ಲ. ಒಂದಂತೂ ಅದರ ಎದುರು ಕೂತು ಮುಖ ನೋಡಿಕೊಂಡು, ಮೀಸೆ ಸರಿಮಾಡಿಕೊಂಡು, ಆಮೇಲೆ ಸೀಬೆಕಾಯಿ ಕಚ್ಚಿತು. ನಾನು ನೋಡಿದ್ದೇನೆ, ಡೈರಿಯಲ್ಲಿ ಬರೆದೂ ಇದ್ದೇನೆ.

ಡೈರಿಯ ವಿಷಯ ಬಂದಿದ್ದರಿಂದ ಹೇಳಿಬಿಡುತ್ತೇನೆ. ಕಂಡಿದ್ದಕ್ಕೆಲ್ಲ ಗೀಟು ಹಾಕಿ ಲೆಕ್ಕ ಇಡುವುದು ನನ್ನ ಹಳೇ ಚಟ. ಬಸ್ಸು ತಡವಾಗಿ ಬಂದರೆ ಗೀಟು, ಕರೆಂಟು ಹೋದರೆ ಗೀಟು, ಅಮ್ಮ ಬೈದರೆ ಗೀಟು. ತಿಂಗಳ ಕೊನೆಗೆ ಎಲ್ಲವನ್ನೂ ಕೂಡಿ ಕೆಳಗೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆಯುತ್ತೇನೆ. ಇದರಿಂದ ಯಾರಿಗೆ ಏನು ಉಪಯೋಗ ಎಂದು ನೀವು ಕೇಳಬಹುದು. ನಮ್ಮ ಚಿಕ್ಕಮ್ಮ ಎಂದೋ ಕೇಳಿದ್ದಾಳೆ. "ಉಸಿರಾಡಿದ್ದಕ್ಕೂ ಗೀಟು ಹಾಕ್ತೀಯ ಕಣೇ. ಯಾವತ್ತಾದ್ರೂ ಲೆಕ್ಕ ತಪ್ತು ಅಂತ ಉಸಿರು ನಿಲ್ಲಿಸ್ಬುಟ್ಟೀಯ" ಎಂದು ಎಚ್ಚರಿಕೆಯನ್ನೂ ಕೊಟ್ಟಿದ್ದಾಳೆ.

ಆ ಸಿಡಿಗೆ ಅಳಿಲು ಹೆದರದೆ ಇರಬಹುದು. ಒಂದು ಕಾಲಕ್ಕೆ ಇಡೀ ನಾಟಕದ ಕಂಪನಿಯನ್ನೇ ಹೆದರಿಸಿದ ಸಿಡಿ ಅದು.

ಬಿ.ಕಾಂ. ಮುಗಿಸಿ ನಾನು ತಿಪಟೂರಿನಲ್ಲಿ ಪ್ರಸನ್ನಣ್ಣನ ಡಿಟಿಪಿ ಅಂಗಡಿಗೆ ಸೇರಿದ್ದ ಹೊಸತು. ಲಗ್ನಪತ್ರಿಕೆ, ಗೃಹಪ್ರವೇಶ, ಶಿವಗಣಾರಾಧನೆ, ಜೆರಾಕ್ಸ್, ಇಷ್ಟೇ ನಮ್ಮ ಪ್ರಪಂಚ. ಲಗ್ನ ಇಲ್ಲದ ತಿಂಗಳಲ್ಲಿ ಕಂಪ್ಯೂಟರಿನ ಮೇಲಿನ ಧೂಳು ಒರೆಸುವುದೂ ಕೆಲಸವೇ. ಅಂಥ ಒಂದು ಖಾಲಿ ಮಧ್ಯಾಹ್ನ, ಪ್ರಸನ್ನಣ್ಣ ತರಿಸುತ್ತಿದ್ದ ಕಂಪ್ಯೂಟರ್ ಪತ್ರಿಕೆಯ ಜೊತೆ ಪುಕ್ಕಟೆ ಬಂದ ಸಿಡಿಯನ್ನು ಹಾಕಿ ನೋಡಿದೆ. ಅದರೊಳಗೆ ಸಂಗೀತ ಬರೆಯುವ ಸಾಫ್ಟ್‌ವೇರ್ ಒಂದಿತ್ತು. ತೆರೆದರೆ ಐದು ಗೆರೆ ಎಳೆದ ಹಾಳೆ. ಗೆರೆಯ ಮೇಲೆ ಮೌಸಿನಿಂದ ಒಂದು ಚುಕ್ಕೆ ಇಟ್ಟರೆ 'ಟಣ್' ಎನ್ನುತ್ತದೆ. ಮೇಲಿಟ್ಟರೆ ತೆಳು ದನಿ, ಕೆಳಗಿಟ್ಟರೆ ದಪ್ಪ ದನಿ. ಸಾಲಾಗಿ ಇಟ್ಟು ಗುಂಡಿ ಒತ್ತಿದರೆ ತಾನೇ ನುಡಿಸಿ ತೋರಿಸುತ್ತದೆ. ಹಿಂದೆ ಯಾವಾಗಲೋ ಸರಳೆ ವರಸೆಯವರೆಗೆ ಕಲಿತು ಬಿಟ್ಟಿದ್ದ ನನಗೆ ಅದು ಸಾಕಾಗಿತ್ತು. ಆ ದಿನ ಮೂರು ಲಗ್ನಪತ್ರಿಕೆಯ ಕರಡು ತಿದ್ದುವುದು ಬಿಟ್ಟು ಸಾ ಪಾ ಸಾ ಇಟ್ಟುಕೊಂಡು ಕೂತೆ.

ಪುಕ್ಕಟೆ ಸಿಡಿಯಾದ್ದರಿಂದ ಒಂದೇ ಒಂದು ಊನ. ಬರೆದದ್ದನ್ನು ಉಳಿಸಿಡಲು ಬಿಡುತ್ತಿರಲಿಲ್ಲ. 'ಸೇವ್' ಒತ್ತಿದರೆ, ಮೊದಲು ನನ್ನನ್ನು ಕೊಂಡುಕೋ, ಆಮೇಲೆ ಉಳಿಸಿಕೋ ಎಂದು ಮರ್ಯಾದೆಯಿಂದ ಹೇಳುತ್ತಿತ್ತು. ಅಂದರೆ ಕಂಪ್ಯೂಟರ್ ಉರಿಯುತ್ತಿರುವಷ್ಟು ಹೊತ್ತು ಹಾಡು ಉಂಟು, ಆರಿದರೆ ಹಾಡಿಲ್ಲ. ನಮ್ಮ ಕಡೆಯ ಕರೆಂಟಿನ ಗುಣ ಗೊತ್ತಿದ್ದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಈ ಸುದ್ದಿಯನ್ನು ನಾನು ಊಟದ ಹೊತ್ತಿನಲ್ಲಿ ಮನೆಯಲ್ಲಿ ಹೇಳಿದ್ದೇ ಎಲ್ಲದಕ್ಕೂ ಮೂಲವಾಯಿತು. ಪಕ್ಕದಲ್ಲಿ ಲಿಂಗಣ್ಣ ಚಿಕ್ಕಪ್ಪ ಮುದ್ದೆ ಮುರಿಯುತ್ತಿದ್ದ.

ಲಿಂಗಣ್ಣ ಚಿಕ್ಕಪ್ಪ ಅಪ್ಪನ ತಮ್ಮ. ಕಿಬ್ಬನಹಳ್ಳಿಯಿಂದ ಒಳಕ್ಕೆ ಇರುವ ನಮ್ಮೂರಿನಲ್ಲಿ ತೆಂಗಿನ ತೋಟ ನೋಡಿಕೊಂಡಿರುವವನು. ಅಟ್ಟದ ಮೇಲಿನ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಕೊಬ್ಬರಿ ಬಿಟ್ಟಿದೆಯೋ ಇಲ್ಲವೋ ಹೇಳುತ್ತಾನೆ. ಆದರೆ ಅದೇ ಕಿವಿ ಹಾರ್ಮೋನಿಯಂ ಮುಂದೆ ಮಾತ್ರ ಕಿವುಡು. ಊರಿನ ನಾಟಕದಲ್ಲಿ ಅವನು ಹುಡುಗನಾಗಿದ್ದಾಗಿನಿಂದ ಬಾಗಿಲ ಭಟ. ಈಟಿ ಹಿಡಿದು ರಾಜನ ಪಕ್ಕ ನಿಲ್ಲುವುದು, ಕರೆದಾಗ "ಅಪ್ಪಣೆ ಪ್ರಭು" ಎನ್ನುವುದು, ಮತ್ತೆ ನಿಲ್ಲುವುದು. ರಾಜರು ಎಷ್ಟೋ ಜನ ಬಂದರು, ಹೋದರು. ಭಟ ಬದಲಾಗಲಿಲ್ಲ.

"ಒಂದು ಸಲ ಆ ಸಿಂಹಾಸನದ ಮೇಲೆ ಕೂತ್ಕಬೇಕು ಕಣವ್ವ" ಎಂದ ಚಿಕ್ಕಪ್ಪ. "ನಾಟಕ ಪೂರ್ತಿ ನಿಂತೂ ನಿಂತೂ ನನ್ನ ಕಾಲ್ನರ ಎಲ್ಲ ಗಂಟು ಕಟ್ಟವೆ."

"ಮನೇಲಿ ಕುರ್ಚಿ ಇಲ್ವಾ? ಅದ್ರ ಮೇಲೆ ಕೂತ್ಕ" ಎಂದಳು ಚಿಕ್ಕಮ್ಮ.

"ಅದ್ರ ಮೇಲೆ ಕೂತ್ರೆ ನೀನು ಏಳು ಅಂತೀಯ. ಸಿಂಹಾಸನದ ಮೇಲೆ ಕೂತ್ರೆ ಯಾರೂ ಏಳು ಅನ್ನಲ್ಲ."

ಆ ವರ್ಷ ಅವಕಾಶ ಒದಗಿತ್ತು. ಹಳೇ ರಾಜನಿಗೆ ಮಂಡಿ ನೋವು ಬಂದು ಸಿಂಹಾಸನದಿಂದ ಏಳಲಾಗುತ್ತಿರಲಿಲ್ಲ. ನಾಟಕ ಬರೆದು, ಹಾಡು ಕಟ್ಟಿ, ಹಾರ್ಮೋನಿಯಂ ಬಾರಿಸಿ, ತಾಲೀಮು ಕೊಡುವ ಸಿದ್ದಪ್ಪ ಮೇಷ್ಟ್ರು ಭಾನುವಾರಕ್ಕೊಮ್ಮೆ ಊರಿಗೆ ಬರುತ್ತಿದ್ದರು. ಅವರು ಒಂದು ಪಂದ್ಯ ಇಟ್ಟರು. ರಾಜನ ಪ್ರವೇಶದ ಹಾಡನ್ನು ಬರುವ ತಿಂಗಳ ಮೊದಲ ಭಾನುವಾರ ಎಲ್ಲರ ಎದುರು, ತಬಲದ ಜೊತೆ, ತಾಳ ತಪ್ಪದೆ ಹಾಡಿದವನೇ ರಾಜ. ಉಮೇದುವಾರರು ಇಬ್ಬರೇ: ನಮ್ಮ ಚಿಕ್ಕಪ್ಪ, ಮತ್ತು ಪಂಚರ್ ಅಂಗಡಿಯ ರೇಣುಕಣ್ಣ. ರೇಣುಕಣ್ಣನ ಗಂಟಲು ಚೆನ್ನಾಗಿತ್ತು. ಟ್ಯೂಬಿಗೆ ಗಾಳಿ ಹೊಡೆಯುವಾಗಲೂ ಅವನು ಶ್ರುತಿ ಹಿಡಿದೇ ಹೊಡೆಯುತ್ತಿದ್ದ.

"ಮೇಷ್ಟ್ರು ವಾರಕ್ಕೊಂದು ದಿನ ಬತ್ತಾರೆ. ಉಳಿದ ದಿನ ನಂಗೆ ಯಾರವ್ವ ಹೇಳ್ಕೊಡೋರು? ನಿನ್ನ ಕಂಪ್ಯೂಟ್ರಿಗೆ ಈ ಹಾಡು ಹಾಕ್ಕೊಡು. ಅದು ಹಾಡ್ತಾ ಇರ್ಲಿ, ನಾನು ಹಿಂದೆ ಹಿಂದೆ ಹೋಯ್ತೀನಿ" ಎಂದು ಚಿಕ್ಕಪ್ಪ ಮೇಷ್ಟ್ರು ಸ್ವರ ಬರೆದುಕೊಟ್ಟಿದ್ದ ಹಾಳೆಯನ್ನು ಜೇಬಿನಿಂದ ತೆಗೆದ. 'ಎನ್ನ ಮೀಸೆಗೆ ಎದುರು ನಿಲ್ಲುವ ವೀರನಾರೋ' ಎಂದು ಶುರುವಾಗುವ ಎಂಟು ಸಾಲಿನ ಹಾಡು. ಕೆಳಗೆ ಸಾ ರೀ ಗಾ, ಅದರ ಮೇಲೆ ಸಾರಿನ ಕಲೆ.

ಮಾರನೇ ದಿನ ಚಿಕ್ಕಪ್ಪ ನನ್ನ ಜೊತೆಯೇ ಬಸ್ಸು ಹತ್ತಿ ಅಂಗಡಿಗೆ ಬಂದ. ಪ್ರಸನ್ನಣ್ಣ ಒಳ್ಳೆಯವನು. ಚಿಕ್ಕಪ್ಪ ತಂದಿದ್ದ ಎಳನೀರಿನ ಗೊನೆ ನೋಡಿದ ಮೇಲೆ ಇನ್ನೂ ಒಳ್ಳೆಯವನಾದ.

ಪರದೆಯ ಮೇಲೆ ನಾನು ಸ್ವರಗಳನ್ನು ಇಡುತ್ತಾ ಹೋದೆ. ಐದು ಗೆರೆಯ ಈ ಬರಹದಲ್ಲಿ ಸ್ವರವೆಂದರೆ ಒಂದು ಉರುಟು ತಲೆ, ಅದಕ್ಕೊಂದು ಕಡ್ಡಿ. ಹೆಚ್ಚು ಹೊತ್ತು ಎಳೆಯುವ ಸ್ವರದ ತಲೆ ಟೊಳ್ಳು, ಬೇಗ ಮುಗಿಯುವುದರದು ಕಪ್ಪು. ಇನ್ನೂ ಬೇಗ ಮುಗಿಯುವುದಾದರೆ ಕಡ್ಡಿಗೊಂದು ಬಾಲ. ಬಾಲದವು ಅಕ್ಕಪಕ್ಕ ಬಂದರೆ ಬಾಲ ಬಾಲ ಸೇರಿ ಒಂದು ಅಡ್ಡಪಟ್ಟಿ. ಇದನ್ನು ಇಂಗ್ಲಿಷಿನಲ್ಲಿ ಏನೇನೋ ಕರೆಯುತ್ತಾರೆ. ಚಿಕ್ಕಪ್ಪ ಒಂದು ಗಂಟೆಯೊಳಗೆ ಎಲ್ಲಕ್ಕೂ ಹೆಸರಿಟ್ಟ. ಟೊಳ್ಳಿನದು ಎಳನೀರು. ಕಪ್ಪಿನದು ಬಲಿತ ಕಾಯಿ. ಬಾಲದ್ದು ಗರಿ ಕಾಯಿ. ಅಡ್ಡಪಟ್ಟಿಯದು ಗೊನೆ. ಆಮೇಲೆ ನಾವಿಬ್ಬರೂ ಅದೇ ಭಾಷೆಯಲ್ಲಿ ಕೆಲಸ ಮಾಡಿದೆವು.

"ಆ ಗೊನೆನ ಒಂದು ಗೆರೆ ಕೆಳಕ್ಕೆ ಇಳಿಸವ್ವ, ಮೀಸೆ ತುಂಬಾ ಮೇಲಕ್ಕೆ ಹೋಯ್ತು."

"ಇಳಿಸಿದೆ."

"ಈಗ ಆ ಬಲಿತ ಕಾಯಿ ಕಿತ್ತು ಎಳನೀರು ಹಾಕು. 'ವೀರ' ಅನ್ನೋದು ಉದ್ದ ಬರ್ಬೇಕು."

ಲಗ್ನಪತ್ರಿಕೆ ಮಾಡಿಸಲು ಬಂದಿದ್ದ ಯಾರೋ ಹಿರಿಯರು ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಇದ್ರಾಗೆ ತೋಟಾನೂ ನೋಡ್ಕಬೋದಾ?" ಎಂದು ಪ್ರಸನ್ನಣ್ಣನನ್ನು ವಿಚಾರಿಸಿದರು.

ಯಾವ ವಾದ್ಯ ನುಡಿಸಬೇಕು ಎಂದು ಆರಿಸಲು ಅದರಲ್ಲಿ ಉದ್ದನೆಯ ಪಟ್ಟಿ ಇತ್ತು. ಹಾರ್ಮೋನಿಯಂ ಹುಡುಕುವಾಗ ಕೈ ಜಾರಿ ಪಟ್ಟಿಯ ತೀರಾ ಕೆಳಗಿನದನ್ನು ಒತ್ತಿಬಿಟ್ಟೆ. ರಾಜನ ಪ್ರವೇಶದ ಹಾಡು ಇದ್ದಕ್ಕಿದ್ದಂತೆ ಹೆಲಿಕಾಪ್ಟರಿನಲ್ಲಿ ಬಂತು. ಸಾ ಎಂದರೆ ದಪ್ಪ ಹೆಲಿಕಾಪ್ಟರ್, ಪಾ ಎಂದರೆ ತೆಳು ಹೆಲಿಕಾಪ್ಟರ್. ನಾನು ಗಾಬರಿಯಾಗಿ ನಿಲ್ಲಿಸಿದೆ. ಚಿಕ್ಕಪ್ಪ ಗಂಭೀರವಾಗಿ, "ಇದನ್ನ ಕಳೀಬೇಡ, ಇರ್ಲಿ. ಯುದ್ಧದ ಸೀನಿಗೆ ಆಯ್ತದೆ" ಎಂದ.

ಇನ್ನು ಕೊಸರಿನ ವಿಷಯಕ್ಕೆ ಬರಬೇಕು. ಅದಕ್ಕೆ ಮೊದಲು ನಮ್ಮ ಮನೆಯವರು ಎಣಿಸುವ ಬಗೆ ಹೇಳಬೇಕು. ನಮ್ಮಲ್ಲಿ ಕಾಯಿ ಎಣಿಸುವಾಗ 'ಒಂದು' ಎನ್ನುವುದಿಲ್ಲ, 'ಲಾಭ' ಎನ್ನುತ್ತಾರೆ. ಲಾಭ, ಎರಡು, ಮೂರು. ಅಜ್ಜ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಎಣಿಸುವುದನ್ನು ಕೇಳಿಯೇ ನಾನು ಲೆಕ್ಕ ಕಲಿತದ್ದು. ಒಂದನೇ ತರಗತಿಯಲ್ಲಿ ಮಿಸ್ಸು ಎಣಿಸು ಎಂದಾಗ ಎದ್ದು ನಿಂತು "ಲಾಭ, ಎರಡು, ಮೂರು" ಎಂದೆ. ಮಿಸ್ಸು "ಲಾಭ ಅಲ್ಲ, ಒಂದು" ಎಂದರು. "ಒಂದು ಅಂದ್ರೆ ಮನೆಗೆ ಏಳಿಗೆ ಆಗಲ್ಲ ಮಿಸ್" ಎಂದೆ. ಬೆಂಚಿನ ಮೇಲೆ ನಿಲ್ಲಿಸಿದರು. ನನ್ನ ಏಳಿಗೆ ಅಲ್ಲಿಗೆ ಶುರುವಾಯಿತು.

ಎಣಿಸಿ ಮುಗಿದ ಮೇಲೆ ಕೊಸರು. ನೂರು ಕಾಯಿ ಕೊಟ್ಟರೆ ನೂರೇ ಕೊಡುವಂತಿಲ್ಲ, ಮೇಲೆ ಇಷ್ಟು ಎಂದು ಹಾಕಬೇಕು. ಬರೀ ಲೆಕ್ಕ ಕೊಟ್ಟವನು ಮನುಷ್ಯನೇ ಅಲ್ಲ. ಇದು ಕಾಯಿಗೆ ಮಾತ್ರ ಎಂದುಕೊಳ್ಳಬೇಡಿ. ಅಮ್ಮ ಸಂತೆಯಲ್ಲಿ ನಿಂಬೆಹಣ್ಣು ಕೊಂಡರೆ ಮೇಲೊಂದು ಕಿತ್ತುಕೊಂಡೇ ಬರುತ್ತಾಳೆ. ಅಜ್ಜಿ ಕಷಾಯವನ್ನು ಎರಡು ಚಮಚ ಎಂದು ಹೇಳಿ ಮೂರು ಕುಡಿಸುತ್ತಿದ್ದಳು. ದೇವರಿಗೂ ಪ್ರದಕ್ಷಿಣೆಯಲ್ಲಿ ಒಂದು ಸುತ್ತು ಕೊಸರು ಸೇರುತ್ತಿತ್ತು. ಕಡಿಮೆಯಾದರೆ ತೊಂದರೆ, ಹೆಚ್ಚಾದರೆ ಯಾರೂ ವಾಪಸು ಕೇಳುವುದಿಲ್ಲ ಎಂಬುದು ನಮ್ಮ ಮನೆತನದ ತತ್ತ್ವ.

ಈಗ ಹಾಡಿಗೆ ಬರೋಣ. ಅದು ಎಂಟರ ತಾಳ. ಪ್ರತಿ ಸಾಲು ಎಂಟು ಎಣಿಕೆಗೆ ಮುಗಿಯಬೇಕು, ಒಂಬತ್ತನೆಯದು ಮುಂದಿನ ಸಾಲಿನ ಮೊದಲನೆಯದಾಗಬೇಕು. ಯಾವ ಸ್ವರ ಎಷ್ಟು ಹೊತ್ತು ಎಂದು ಮೇಷ್ಟ್ರ ಹಾಳೆಯಲ್ಲಿ ಇರಲಿಲ್ಲ, ಅದು ಅವರ ಕೈಯಲ್ಲಿತ್ತು. ಆದ್ದರಿಂದ ಚಿಕ್ಕಪ್ಪ ತೊಡೆ ತಟ್ಟಿಕೊಂಡು ಎಣಿಸುವುದು, ನಾನು ಇಡುವುದು.

"ಲಾಭ, ಎರಡು, ಮೂರು, ನಾಕು, ಐದು, ಆರು, ಏಳು, ಎಂಟು. ಈಗ ಕೊನೇ ಕಾಯಿಗೆ ಇನ್ನೊಂದು ಎಣಿಕೆ ಸೇರಿಸು."

"ಯಾಕೆ ಚಿಕ್ಕಪ್ಪ? ಎಂಟಾಯ್ತಲ್ಲ."

"ಕೊಸರು."

"ಹಾಡಿಗೂ ಕೊಸರಾ?"

"ಮತ್ತೆ? ರಾಜ ಆದೋನು ಬರೀ ಲೆಕ್ಕಕ್ಕೆ ಸರಿಯಾಗಿ ಹಾಡಿ ನಿಲ್ಸಿದ್ರೆ ಜನ ಏನಂತಾರೆ? ಜಿಪುಣ ಅಂತಾರೆ. ಕೊನೇಲಿ ಒಂಚೂರು ಎಳೆದು ಬುಡಬೇಕು. ಮೇಷ್ಟ್ರೂ ಎಳೀತಾರೆ, ನಾನು ನೋಡಿದೀನಿ."

ನನಗೆ ಅದು ಒಪ್ಪುವ ಮಾತಾಗಿಯೇ ಕೇಳಿಸಿತು. ನಾನೂ ಅದೇ ಅಜ್ಜಿಯ ಕಷಾಯ ಕುಡಿದು ಬೆಳೆದವಳಲ್ಲವೇ? ಆದರೆ ಸಾಫ್ಟ್‌ವೇರಿಗೆ ಅಜ್ಜಿ ಇರಲಿಲ್ಲ. ಅದು ಹಾಡನ್ನು ನಿಲುಗೆರೆ ಎಳೆದು ಮನೆ ಮನೆಯಾಗಿ ಕೊಯ್ದು, ಮನೆಗೆ ಎಂಟೇ ಎಣಿಕೆ ಎಂದು ಹಟ ಹಿಡಿಯಿತು. ಕೊಸರನ್ನು ಮುಂದಿನ ಮನೆಗೆ ದೂಡಿತು. ಅಲ್ಲಿ ಜಾಗ ಸಾಲದೆ ಅಲ್ಲಿನ ಕೊನೆಯ ಕಾಯಿ ಅದರ ಮುಂದಿನ ಮನೆಗೆ ಹೋಯಿತು. ನೋಡುತ್ತಾ ನೋಡುತ್ತಾ ಎಲ್ಲ ಕಾಯಿಯೂ ಪಕ್ಕದ ಮನೆಯ ಅಂಗಳಕ್ಕೆ ಉರುಳಿದಂತಾಯಿತು. ಅಚ್ಚುಕಟ್ಟಿಲ್ಲದ್ದನ್ನು ನೋಡಿದರೆ ನನಗೆ ನಿದ್ದೆ ಬರುವುದಿಲ್ಲ. ಹುಡುಕಾಡಿ, ಮನೆಗೆ ಎಷ್ಟು ಎಣಿಕೆ ಎಂದು ಬದಲಿಸುವ ಜಾಗ ಪತ್ತೆ ಮಾಡಿ, ಎಂಟನ್ನು ಅಳಿಸಿ ಒಂಬತ್ತು ಮಾಡಿದೆ. ಎಲ್ಲ ಕಾಯಿಗಳೂ ತಂತಮ್ಮ ಮನೆಗೆ ವಾಪಸಾದವು. ಪರದೆ ಎಷ್ಟು ಚೊಕ್ಕವಾಗಿ ಕಂಡಿತೆಂದರೆ ನಾನು ಪ್ರಸನ್ನಣ್ಣನನ್ನು ಕರೆದು ತೋರಿಸಿದೆ.

ಪ್ರಸನ್ನಣ್ಣ ಬಂದು ಬಗ್ಗಿ ನೋಡಿ "ಚೆನ್ನಾಗೈತೆ" ಎಂದ. ಕರೆಂಟು ಹೋಯಿತು.

ಅಂಗಡಿಯ ಯುಪಿಎಸ್ಸಿಗೆ ವಯಸ್ಸಾಗಿತ್ತು. ಕರೆಂಟು ಹೋದ ಕೂಡಲೇ 'ಕುಂಯ್' ಎಂದು ಅತ್ತು ಅದೂ ಹಿಂದೆಯೇ ಹೋಗುತ್ತಿತ್ತು, ಸತಿ ಹೋದ ಹಾಗೆ. ಇಡೀ ಹಾಡು ಅಳಿಸಿಹೋಯಿತು. ಮತ್ತೆ ಮೊದಲಿನಿಂದ ಇಟ್ಟೆವು. ಮತ್ತೆ ಹೋಯಿತು. ಮೂರನೇ ಸಲ ನನ್ನ ಡೈರಿಯ ಗೀಟುಗಳನ್ನು ನೋಡಿ, ಯಾವ ದಿನ ಯಾವ ಹೊತ್ತಿನಲ್ಲಿ ಹೋಗುವುದು ಕಡಿಮೆ ಎಂದು ಲೆಕ್ಕ ಹಾಕಿ, ಗುರುವಾರ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಕೂತೆವು. ಹಾಡು ಪೂರ್ತಿಯಾಯಿತು. ಉಳಿಸಲು ಬಾರದ್ದರಿಂದ ಸ್ಪೀಕರಿನ ಮುಂದೆ ಟೇಪ್‌ರೆಕಾರ್ಡರ್ ಇಟ್ಟು ಕ್ಯಾಸೆಟ್ಟಿಗೆ ಹಿಡಿದೆವು. ಎಲ್ಲರೂ ಉಸಿರು ಬಿಗಿಹಿಡಿದು ನಿಂತಿದ್ದೆವು. ಆದರೂ ಮೂರನೇ ಸಾಲಿನಲ್ಲಿ ಪ್ರಸನ್ನಣ್ಣ ಸೀನಿದ. ತಡೆದುಕೊಂಡು ತಡೆದುಕೊಂಡು ಸೀನಿದ್ದರಿಂದ ಅದು ಒಳ್ಳೆ ಗುಂಡಿನಂತೆ ಬಂತು. ಮತ್ತೊಮ್ಮೆ ಹಿಡಿಯೋಣ ಎನ್ನುವಷ್ಟರಲ್ಲಿ ಕರೆಂಟು ಹೋಯಿತು. ಗೀಟು ಹಾಕಿ ಮನೆಗೆ ಬಂದೆ.

ಆಮೇಲೆ ಮೂರು ವಾರ ಚಿಕ್ಕಪ್ಪ ಆ ಕ್ಯಾಸೆಟ್ಟನ್ನು ಬಿಡಲಿಲ್ಲ. ತೋಟದಲ್ಲಿ ನೀರು ಕಟ್ಟುವಾಗ, ಕಾಯಿ ಸುಲಿಸುವಾಗ, ಹಸುವಿನ ಮೈ ತೊಳೆಯುವಾಗ, ಟೇಪ್‌ರೆಕಾರ್ಡರ್ ಪಕ್ಕದಲ್ಲೇ ಇರುತ್ತಿತ್ತು. ನಿಜವಾಗಿಯೂ ಸ್ವರ ಕೂತುಬಿಟ್ಟಿತು. ಎಷ್ಟು ಕೂತಿತೆಂದರೆ, ಮೂರನೇ ಸಾಲಿಗೆ ಬಂದಾಗ ಎಣಿಕೆ ತಪ್ಪದ ಹಾಗೆ ಪ್ರಸನ್ನಣ್ಣನ ಸೀನಿಗೆ ಜಾಗ ಬಿಟ್ಟು ತಲೆಯನ್ನು ಒಮ್ಮೆ ಝಾಡಿಸುತ್ತಿದ್ದ. ಅದು ರಾಜಗಾಂಭೀರ್ಯದ ಹಾಗೇ ಕಾಣುತ್ತಿತ್ತು. ಚಿಕ್ಕಮ್ಮ ಕೂಡ ಒಂದು ದಿನ, ಯಾರೂ ಕೇಳದಿರಲಿ ಎಂಬ ದನಿಯಲ್ಲಿ, "ಪರವಾಗಿಲ್ಲ ಕಣೇ, ಈ ಸಲ ಹಸು ಬೆದರಲಿಲ್ಲ" ಎಂದಳು.

ಪಂದ್ಯದ ಹಿಂದಿನ ದಿನ, ಶನಿವಾರ, ತಬಲಾ ಕರಿಯಣ್ಣ ಎಳನೀರು ಕುಡಿಯಲು ತೋಟಕ್ಕೆ ಬಂದ. ಮೇಷ್ಟ್ರ ಎಲ್ಲ ನಾಟಕಕ್ಕೂ ತಬಲ ಬಾರಿಸುವವನು ಅವನೇ. ಕ್ಯಾಸೆಟ್ಟು ಓಡುತ್ತಿತ್ತು. ಅಭ್ಯಾಸಬಲದಿಂದ ಕರಿಯಣ್ಣ ಕಲ್ಲಿನ ತೊಟ್ಟಿಯ ಅಂಚಿನ ಮೇಲೆ ಬೆರಳಲ್ಲಿ ಬಾರಿಸತೊಡಗಿದ. ಒಂದು ಸಾಲು ಆಯಿತು. ಎರಡನೇ ಸಾಲಿಗೆ ಹುಬ್ಬು ಗಂಟಾಯಿತು. ಮೂರನೆಯದಕ್ಕೆ ಬೆರಳು ನಿಂತಿತು.

"ಲಿಂಗಣ್ಣ, ನಿನ್ನ ಟೇಪಿನ ಸೆಲ್ಲು ವೀಕಾಗವೆ ಕಣಪ್ಪ. ಎಳೀತಾ ಐತೆ. ಹೊಸಾದು ಹಾಕ್ಸು" ಎಂದು ಬುರುಡೆ ಎಸೆದು ಹೋದ.

ಸೆಲ್ಲು ಹೊಸದು ಎಂದು ನನಗೆ ಗೊತ್ತಿತ್ತು. ತಂದ ದಿನಾಂಕ ಬರೆದಿಟ್ಟಿದ್ದೆ. ತೊಟ್ಟಿಯ ಪಕ್ಕ ಕೂತು ಮೊದಲ ಬಾರಿಗೆ ನಾನೇ ಬೆರಳು ಮಡಚಿ ಎಣಿಸಿದೆ. ತಬಲದ ಎಂಟಕ್ಕೆ ನಮ್ಮ ಹಾಡಿನ ಸಾಲು ಮುಗಿಯುತ್ತಿರಲಿಲ್ಲ. ಒಂಬತ್ತಕ್ಕೆ ಮುಗಿಯುತ್ತಿತ್ತು. ಅಂದರೆ ಎರಡನೇ ಸಾಲು ತಬಲಕ್ಕಿಂತ ಒಂದು ಎಣಿಕೆ ತಡ, ಮೂರನೆಯದು ಎರಡು ಎಣಿಕೆ ತಡ. ಎಂಟು ಸಾಲು ಮುಗಿಯುವಷ್ಟರಲ್ಲಿ ರಾಜ ಒಂದು ಊರಿನಲ್ಲಿ, ತಬಲ ಇನ್ನೊಂದು ಊರಿನಲ್ಲಿ ಇರುವುದು ಖಂಡಿತ. ಚೊಕ್ಕವಾಗಿ ಕಾಣಲಿ ಎಂದು ನಾನು ಎಂಟನ್ನು ಒಂಬತ್ತು ಮಾಡಿದ್ದು ನೆನಪಾಯಿತು.

ಕೂಡಲೇ ಚಿಕ್ಕಪ್ಪನಿಗೆ ಹೇಳಿದೆ. ಅವನು ತಾಳ್ಮೆಯಿಂದ ಕೇಳಿ, "ಕೊಸರು ಬುಟ್ಟು ಹಾಡಿದ್ರಾಯ್ತು ಬುಡು" ಎಂದ. ಹಾಡಿದ. ಕತ್ತಲಲ್ಲಿ ಇನ್ನೊಂದು ಮೆಟ್ಟಿಲು ಇದೆ ಎಂದುಕೊಂಡು ಕಾಲಿಟ್ಟವನ ಹಾಗೆ ಪ್ರತಿ ಸಾಲಿನ ಕೊನೆಗೂ ಮುಗ್ಗರಿಸಿದ. ಕೊಸರಿಗೆ ಒಗ್ಗಿದ ನಾಲಿಗೆ ಅದಿಲ್ಲದೆ ಮುಂದಿನ ಸಾಲಿಗೆ ಹೋಗಲೇ ಒಪ್ಪಲಿಲ್ಲ. ಸ್ವರವೂ ಹೋಯಿತು, ಮೀಸೆಯೂ ಹೋಯಿತು. ಮತ್ತೆ ಹೊಸ ಕ್ಯಾಸೆಟ್ಟು ಮಾಡೋಣವೆಂದರೆ ಹಾಡು ಕಂಪ್ಯೂಟರಿನಲ್ಲಿಲ್ಲ, ಹೊಸದಾಗಿ ಇಡೋಣವೆಂದರೆ ತಿಪಟೂರಿನಲ್ಲಿ ಕರೆಂಟಿಲ್ಲ.

ಚಿಕ್ಕಪ್ಪ ತೊಟ್ಟಿಯ ಅಂಚಿನ ಮೇಲೆ ಕೂತ. "ಇನ್ನೂ ಈಟಿ ಹಿಡಿಯೋ ಯೋಗಾನೇ ಐತೇನೋ ನಂಗೆ" ಎಂದ. ಆಮೇಲೆ ಎದ್ದು, "ಕಲಿತಂಗೆ ಹಾಡ್ತೀನಿ. ತಬಲ ಎಲ್ಲಿಗಾದ್ರೂ ಹೋಗ್ಲಿ. ಅಡ್ಡದಾರಿ ಹಿಡಿದ್ರೂ ನಿಲ್ಲಬಾರ್ದು, ನಿಂತ್ರೆ ಕಳ್ಳ ಅಂತಾರೆ" ಎಂದ.

ಭಾನುವಾರ ಮಧ್ಯಾಹ್ನ ಶಾಲೆಯ ಜಗಲಿಯ ಮೇಲೆ ತಾಲೀಮು. ಊರಿನ ಅರ್ಧ ಜನ ಸೇರಿದ್ದರು. ನಾಟಕದ ಸಿಂಹಾಸನವನ್ನೂ ತಂದಿಟ್ಟಿದ್ದರು. ಸಿದ್ದಪ್ಪ ಮೇಷ್ಟ್ರು ಹಾರ್ಮೋನಿಯಂ ತೆರೆದು ಕನ್ನಡಕವನ್ನು ಹಣೆಗೇರಿಸಿದರು. ಕಣ್ಣು ಮುಚ್ಚಿ ಬಾರಿಸುವುದರಿಂದ ಅವರಿಗೆ ಕನ್ನಡಕ ಬೇಕಾಗುತ್ತಿರಲಿಲ್ಲ. ಮೊದಲು ರೇಣುಕಣ್ಣ ಹಾಡಿದ. ಒಂದು ತಪ್ಪೂ ಇಲ್ಲ. ಎಂಟಕ್ಕೆ ಎಂಟು, ಗಾಳಿ ತುಂಬಿದ ಟ್ಯೂಬಿನ ಹಾಗೆ ಎಲ್ಲೂ ಸೋರಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಅವನ ಹೆಂಡತಿ ಆಗಲೇ ರಾಣಿಯ ಹಾಗೆ ಸೆರಗು ಸರಿಮಾಡಿಕೊಂಡಳು.

ಆಮೇಲೆ ಚಿಕ್ಕಪ್ಪ ಎದ್ದ. ನಾನು ಕಂಬದ ಹಿಂದೆ ನಿಂತು ಬೆರಳು ಹಿಡಿದುಕೊಂಡೆ.

"ಎನ್ನ ಮೀಸೆಗೆ..." ದನಿ ಗಟ್ಟಿಯಾಗಿ ಬಂತು. ಮೊದಲ ಸಾಲು ಮುಗಿದು ಕೊಸರೂ ಬಂತು. ಕರಿಯಣ್ಣನ ತಬಲ ಮುಂದೆ ಹೋಯಿತು. ಎರಡನೇ ಸಾಲಿಗೆ ಕರಿಯಣ್ಣ ತಲೆಯೆತ್ತಿ ಚಿಕ್ಕಪ್ಪನನ್ನು ನೋಡಿದ. ಮೂರನೇ ಸಾಲಿಗೆ ಚಿಕ್ಕಪ್ಪ ಸೀನಿಗೆ ಜಾಗ ಬಿಟ್ಟು ತಲೆ ಝಾಡಿಸಿದ. ಅದನ್ನು ಕರಿಯಣ್ಣ ತನಗೆ ಹಾಕಿದ ಸವಾಲು ಎಂದುಕೊಂಡನೋ ಏನೋ, ಹಲ್ಲು ಕಚ್ಚಿ ತನ್ನ ಎಂಟನ್ನು ಬಿಡದೆ ಬಾರಿಸಿದ. ನಾಲ್ಕನೇ ಸಾಲಿಗೆ ಇಬ್ಬರೂ ಬೆನ್ನಿಗೆ ಬೆನ್ನು ಹಾಕಿ ನಡೆಯುವವರ ಹಾಗಾಗಿತ್ತು. ಜನರಲ್ಲಿ ಯಾರೋ "ಗಾಡಿ ಚಕ್ರ ಕಳಚ್ತು" ಎಂದರು. ರೇಣುಕಣ್ಣ ಸಿಂಹಾಸನದ ಕಡೆಗೇ ನೋಡುತ್ತಿದ್ದ. ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸಲು ಕೈ ಎತ್ತಿದವರು ಅರ್ಧಕ್ಕೇ ತಡೆದರು, ಏನೋ ಎಣಿಸುತ್ತಿರುವವರ ಹಾಗೆ ಅವರ ತುಟಿ ಅಲುಗುತ್ತಿತ್ತು.

ನಾನೂ ಎಣಿಸುತ್ತಿದ್ದೆ. ಐದು ಸಾಲಿಗೆ ಐದು ಕೊಸರು. ಆರಕ್ಕೆ ಆರು. ಏಳನೇ ಬೆರಳು ಮಡಚುವಾಗ ತಲೆಯೊಳಗೆ ಏನೋ ಹತ್ತಿಕೊಂಡಿತು. ಎಂಟು ಸಾಲಿಗೆ ಎಂಟು ಕೊಸರು. ಎಂಟು ಎಂದರೆ ತಬಲದ ಒಂದು ಪೂರಾ ಸುತ್ತು! ಚಿಕ್ಕಪ್ಪ ಸಾಲಿಗೊಂದು ಹೆಜ್ಜೆಯಂತೆ ಹಿಂದೆ ಬಿದ್ದು ಬಿದ್ದು, ಇಡೀ ಒಂದು ಸುತ್ತು ಹಿಂದೆ ಬಿದ್ದು, ತಬಲ ಮತ್ತೆ ಮೊದಲಿಗೆ ಬರುವ ಜಾಗಕ್ಕೇ ತಾನೂ ಬಂದು ನಿಲ್ಲುತ್ತಾನೆ. ನಡುವೆ ನಿಲ್ಲದಿದ್ದರೆ ಸಾಕು. "ನಿಲ್ಲಬೇಡ ಚಿಕ್ಕಪ್ಪ!" ಎಂದು ಕಂಬದ ಹಿಂದಿನಿಂದ ಕೂಗಿಯೇಬಿಟ್ಟೆ.

ಅವನು ನಿಲ್ಲಲಿಲ್ಲ. ಎಂಟನೇ ಸಾಲು ಮುಗಿಸಿ, ಕೊನೆಯ ಕೊಸರನ್ನೂ ಧಾರಾಳವಾಗಿ ಎಳೆದು, ಮತ್ತೆ "ಎನ್ನ" ಎಂದು ಪಲ್ಲವಿಗೆ ಬಿದ್ದ. ಅದೇ ಹೊಡೆತಕ್ಕೆ ಕರಿಯಣ್ಣನ ಎರಡೂ ಕೈ 'ಧಾ' ಎಂದು ತಬಲದ ಮೇಲೆ ಬಿತ್ತು. ಕೂದಲೆಳೆಯ ಅಂತರವಿಲ್ಲ.

ಕರಿಯಣ್ಣ ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡ. "ಇವ್ನು ಎಲ್ಲಿಗೆ ಹೋಗಿದ್ದ? ಹೆಂಗೆ ವಾಪಸ್ ಬಂದ?" ಎಂದು ಮೇಷ್ಟ್ರನ್ನು ಕೇಳಿದ.

ಮೇಷ್ಟ್ರು ಕನ್ನಡಕ ಕೆಳಗಿಳಿಸಿ ಚಿಕ್ಕಪ್ಪನನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು. "ಯಾರಯ್ಯ ಇದನ್ನ ಹೇಳ್ಕೊಟ್ಟಿದ್ದು?"

"ನಮ್ಮಣ್ಣನ ಮಗಳು ಶಶಿ, ಮೇಷ್ಟ್ರೇ. ಕಂಪ್ಯೂಟ್ರಾಗೆ."

"ರೇಣುಕಣ್ಣ ತಾಳ ತಪ್ಪಲಿಲ್ಲ, ನಿಜ" ಎಂದರು ಮೇಷ್ಟ್ರು ನಿಧಾನವಾಗಿ. "ಆದ್ರೆ ಲಿಂಗಣ್ಣ ತಪ್ಪಿದಂಗೆ ಮಾಡಿ ತಪ್ಪಲಿಲ್ಲ. ನನ್ನ ಜನ್ಮದಾಗೆ ಇಂಥದ್ದು ಕೇಳಿಲ್ಲ. ಪಾರ್ಟು ಲಿಂಗಣ್ಣನಿಗೆ. ಒಂದೇ ಷರತ್ತು. ಜನ ಶಿಳ್ಳೆ ಹೊಡೀಲಿ, ಸೀನರಿ ಮೈಮೇಲೆ ಬೀಳ್ಲಿ, ಹಾಡು ಶುರು ಮಾಡಿದ ಮೇಲೆ ನಡುವೆ ನಿಲ್ಸಬೇಡ. ನೀನು ದಡ ಮುಟ್ಟೋವರ್ಗೂ ನಮಗ್ಯಾರಿಗೂ ಉಸಿರಿಲ್ಲ."

ಚಿಕ್ಕಪ್ಪ ಸೀದಾ ಹೋಗಿ ಸಿಂಹಾಸನದ ಮೇಲೆ ಕೂತ. ತಾಲೀಮು ಮುಗಿದ ಮೇಲೂ ಏಳಲಿಲ್ಲ. ಚಿಕ್ಕಮ್ಮ ಊಟಕ್ಕೆ ಕರೆದಳು. "ಇಲ್ಲಿಗೇ ತಗಂಡ್ಬಾ" ಎಂದ.

ಕಥೆ ಅಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಮಾರನೇ ದಿನ ಅಂಗಡಿಯ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ರೇಣುಕಣ್ಣ ಕೂತಿದ್ದ. ಅವನಿಗೆ ಮಂತ್ರಿಯ ಪಾರ್ಟು ಸಿಕ್ಕಿತ್ತು. ಹಿಂದೆ ಸೇನಾಪತಿ, ಋಷಿ, ಇಬ್ಬರು ಶತ್ರು ರಾಜರು ನಿಂತಿದ್ದರು. ಎಲ್ಲರ ಕೈಯಲ್ಲೂ ಸ್ವರದ ಹಾಳೆ.

"ನನ್ನ ಹಾಡಿಗೂ ಒಂಚೂರು ತಪ್ಪು ಹಾಕ್ಕೊಡವ್ವ, ಲಿಂಗಣ್ಣಂಗೆ ಹಾಕಿದಂಗೆ" ಎಂದ ರೇಣುಕಣ್ಣ.

ಇರುವ ವಿಷಯ ಹೇಳಿದೆ. ಎಂಟು ಸಾಲಿದ್ದರೆ ಮಾತ್ರ ದಡ, ಆರೇ ಸಾಲಿದ್ದರೆ ನಡುನೀರಿನಲ್ಲೇ ಉಳಿಯುತ್ತೀರಿ ಎಂದು. ಅವರು ಹಾಳೆಯ ಸಾಲು ಎಣಿಸಿಕೊಂಡರು. ಮಂತ್ರಿಗೆ ಆರು, ಸೇನಾಪತಿಗೆ ಐದು, ಋಷಿಗೆ ನಾಲ್ಕು. ಎಲ್ಲರೂ ಸೀದಾ ಮೇಷ್ಟ್ರ ಹತ್ತಿರ ಹೋದರು. ಬರೆಯುವವರಿಗೆ ಇನ್ನೂ ಬರಿ ಎನ್ನುವವರು ಸಿಗುವುದು ಅಪರೂಪ. ಮೇಷ್ಟ್ರು ಹಿಗ್ಗಿ, ಹಾಡು ಹಾಡಿಗೂ ಸಾಲು ಸೇರಿಸಿ ಎಂಟೆಂಟು ಮಾಡಿಕೊಟ್ಟರು. ನಾನು ಪ್ರತಿ ಗುರುವಾರ ಬೆಳಿಗ್ಗೆ ಕೂತು ಎಲ್ಲರಿಗೂ ಕೊಸರು ಹಾಕಿದೆ. ಪ್ರಸನ್ನಣ್ಣನಿಗೆ ಆ ವರ್ಷ ಎಳನೀರು ಕುಡಿದು ಕುಡಿದು ನೆಗಡಿಯೇ ಬಿಡಲಿಲ್ಲ. ಕ್ಯಾಸೆಟ್ಟುಗಳಲ್ಲಿ ಅದೂ ಇದೆ.

ನಾಟಕ ಶಾಲೆಯ ಅಂಗಳದಲ್ಲಿ. ಬೇರೆ ವರ್ಷ ಕೋಳಿ ಕೂಗುವ ಹೊತ್ತಿಗೆ ರಾಜ ಯುದ್ಧದಲ್ಲಿ ಬಿದ್ದು, ಮಂಗಳ ಹಾಡಿ, ಜನ ಚಾಪೆ ಮಡಚಿಕೊಂಡು ಹೋಗುತ್ತಿದ್ದರು. ಆ ವರ್ಷ ಕೋಳಿ ಕೂಗಿದಾಗ ಯುದ್ಧ ಇನ್ನೂ ಘೋಷಣೆಯಾಗಿರಲಿಲ್ಲ. ಎಲ್ಲರ ಹಾಡೂ ಎಂಟು ಸಾಲು, ಯಾರೂ ನಡುವೆ ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ದಡವಿಲ್ಲ. ಹಾಲಿನವನು ಬಂದು ಹೋದ. ಬಿಸಿಲು ಬಂತು, ಗ್ಯಾಸ್‌ಲೈಟು ಆರಿಸಿದರು. ಒಬ್ಬ ಶತ್ರು ರಾಜನ ಮುಖದ ಬಣ್ಣ ಕರಗಿ ಅವನ ಅಣ್ಣನೇ ಗುರುತು ಹಿಡಿದು ಮಾತಾಡಿಸಿದ. ಕರಿಯಣ್ಣ ಒಂದು ಕೈಯಲ್ಲಿ ಬಾರಿಸುತ್ತಾ ಇನ್ನೊಂದು ಕೈಯಲ್ಲಿ ಇಡ್ಲಿ ತಿಂದ.

ಕೊನೆಗೆ ಚಿಕ್ಕಪ್ಪನ ಮರಣದ ಹಾಡು ಶುರುವಾಯಿತು. ಬಾಣ ನಾಟಿದ್ದರೂ ಅವನು ಬಿದ್ದುಕೊಂಡಿರಲಿಲ್ಲ. ಸಾಯುವಾಗಲೂ ಸಿಂಹಾಸನದ ಮೇಲೆ ಕೂತೇ ಸಾಯುತ್ತೇನೆ ಎಂದು ಮೇಷ್ಟ್ರನ್ನು ಒಪ್ಪಿಸಿದ್ದ. ಅಷ್ಟರಲ್ಲಿ ಶಾಲೆಯ ಬೆಲ್ಲು ಹೊಡೆಯಿತು. ಮಕ್ಕಳು ಪಾಟಿಚೀಲ ಹಿಡಿದು ಬಂದು ರಂಗಸ್ಥಳದ ಮುಂದೆ ಪ್ರಾರ್ಥನೆಗೆ ಸಾಲಾಗಿ ನಿಂತರು. ಹೆಡ್ ಮೇಷ್ಟ್ರು ಸೈಕಲ್ಲಿಗೆ ಸ್ಟ್ಯಾಂಡು ಹಾಕಿ, ಗಡಿಯಾರ ನೋಡಿಕೊಂಡು, ಪರದೆಯ ಪಕ್ಕ ಬಂದು ನಿಂತರು.

"ಏನ್ರೀ ಲಿಂಗಣ್ಣ, ಇನ್ನೂ ಎಷ್ಟು ಹೊತ್ರೀ ಇದು?"

ಸಾಲಿನ ಕೊನೆಯ ಕೊಸರನ್ನು ಎಳೆಯುತ್ತಿದ್ದ ಚಿಕ್ಕಪ್ಪ ರಾಗ ಬಿಡಲಿಲ್ಲ, ತಾಳವನ್ನೂ ಬಿಡಲಿಲ್ಲ. ಎದೆಯ ಬಾಣವನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈ ಎತ್ತಿ ಹೆಡ್ ಮೇಷ್ಟ್ರನ್ನು ತಡೆದು, ಅದೇ ಸ್ವರದಲ್ಲಿ ಹಾಡಿ ಹೇಳಿದ:

"ಸಾಯೋಕೆ ಇನ್ನೆರಡು ಸಾಲು ಬಾಕಿ ಅವೆ ಸಾ...!"